ಜಿಪ್ಸಿಯ ಫೋರ್‌ವೀಲ್ ಲೈಟ್ ಆರುತ್ತಲೇ ಇಲ್ಲ, ಅನುಭವ ಇದ್ದವರು ಹೇಳಿ

ಕೇಳಿದವರು, ಪುಣೆ ಕೊಥ್ರೂಡ್‌ನಿಂದ:

ನಮಸ್ಕಾರ. ನನ್ನದು 1999ರ ಮಾರುತಿ ಜಿಪ್ಸಿ ಕಿಂಗ್. ಹೋದ ಭಾನುವಾರ ತಾಮ್ಹಿಣಿ ಘಾಟ್ ಕಡೆ ಹೋಗಿದ್ದೆವು. ಕೆಸರಿನಲ್ಲಿ 4ಎಚ್ (ನಾಲ್ಕೂ ಚಕ್ರಕ್ಕೆ ಬಲ) ಹಾಕಿದೆ, ಸಲೀಸಾಗಿ ಹತ್ತಿತು. ಡಾಂಬರು ರಸ್ತೆಗೆ ಬಂದು ಲಿವರ್ 2ಎಚ್‌ಗೆ (ಹಿಂದಿನ ಎರಡು ಚಕ್ರಕ್ಕೆ ಮಾತ್ರ ಬಲ) ತಂದರೂ ಮೀಟರಿನಲ್ಲಿ ಫೋರ್‌ವೀಲ್ ಲೈಟ್ ಹಾಗೇ ಉರಿಯುತ್ತಿದೆ. ಗ್ಯಾರೇಜಿನವರು ಅಡಿಗೆ ಬಗ್ಗಿ ಕೂಡ ನೋಡದೆ, ಟ್ರಾನ್ಸ್‌ಫರ್ ಕೇಸ್ (ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಗೇರ್ ಪೆಟ್ಟಿಗೆ) ಬಿಚ್ಚಬೇಕು, 18,000 ಆಗುತ್ತದೆ ಅಂದರು. 15 ವರ್ಷ ದಾಟಿದ ಗಾಡಿ ಅಂತ ಈಗಷ್ಟೇ ತೆರಿಗೆ ಕಟ್ಟಿ ಜೇಬು ಖಾಲಿಯಾಗಿದೆ. ಬಿಚ್ಚಿಸಲೇಬೇಕಾ?

ಮುಂಬೈ ಮುಲುಂಡ್‌ನಿಂದ:

ತಡೀರಿ, ಬಿಚ್ಚಿಸಬೇಡಿ. ಲೈಟ್ ನಿಜ ಹೇಳುತ್ತಿದೆಯೋ ಸುಳ್ಳು ಹೇಳುತ್ತಿದೆಯೋ, ಮೊದಲು ಅದು ಗೊತ್ತಾಗಲಿ.

ನಿಜ ಹೇಳುತ್ತಿರುವ ಸಾಧ್ಯತೆಯೂ ಉಂಟು. ಜಿಪ್ಸಿಯಲ್ಲಿ ಚಕ್ರಗಳಿಗೆ ಬಲ ಒಯ್ಯುವ ಮುಂದಿನ ಶಾಫ್ಟಿಗೂ ಹಿಂದಿನ ಶಾಫ್ಟಿಗೂ ನಡುವೆ ಡಿಫರೆನ್ಷಿಯಲ್ (ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಇಲ್ಲ. 4ಎಚ್‌ನಲ್ಲಿ ಎರಡೂ ಒಂದೇ ವೇಗದಲ್ಲಿ ತಿರುಗಬೇಕು. ಆದರೆ ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಓಡುತ್ತವೆ. ಕೆಸರಾದರೆ ಟೈರು ಸ್ವಲ್ಪ ಜಾರಿ ಲೆಕ್ಕ ಸರಿಹೋಗುತ್ತದೆ. ಡಾಂಬರಿನಲ್ಲಿ ಜಾರಲು ಜಾಗವಿಲ್ಲ, ಆ ಬಿಗಿಯೆಲ್ಲ ಕೇಸಿನ ಗೇರು ಹಲ್ಲುಗಳ ಮೇಲೆ ಕೂರುತ್ತದೆ. ಆಗ ಲಿವರ್ 2ಎಚ್‌ಗೆ ಬಂದರೂ ಒಳಗೆ ಬಿಡುವುದಿಲ್ಲ. ಇದಕ್ಕೆ ಪಾನಾ ಬೇಡ. ನೇರವಾಗಿ ಎರಡು ಮೂರು ಮೀಟರ್ ರಿವರ್ಸ್ ಹೋಗಿ. ಟಕ್ ಅಂತ ಸದ್ದಾಗಿ ಲೈಟ್ ಆರಿದರೆ ಕೆಲಸ ಮುಗೀತು.

ಆರದಿದ್ದರೆ ಗಾಡಿ ತಣ್ಣಗಾದ ಮೇಲೆ ಅಡಿಗೆ ಹೋಗಿ. ಸೈಲೆನ್ಸರ್ ಪೈಪು ಅಲ್ಲೇ ಇರುತ್ತದೆ, ನನ್ನ ಮೊಣಕೈಯಲ್ಲಿ ಅದರ ಗುರುತು ಇನ್ನೂ ಇದೆ. ಟ್ರಾನ್ಸ್‌ಫರ್ ಕೇಸಿನ ಮೇಲೆ ಬೆರಳುದ್ದದ ಸ್ವಿಚ್ ಕಾಣುತ್ತದೆ, ಅದರಿಂದ ವಾಯರ್ ಹೊರಟಿರುತ್ತದೆ. ಇಗ್ನಿಷನ್ ಆನ್ ಇಟ್ಟು, ಎಂಜಿನ್ ಆಫ್ ಮಾಡಿ, ಆ ಕನೆಕ್ಟರ್ ಕಳಚಿ. ಲೈಟ್ ಆರಿದರೆ ವಾಯರ್ ಚೆನ್ನಾಗಿದೆ, ತಪ್ಪು ಸ್ವಿಚ್ಚಿನಲ್ಲೋ ಕೇಸಿನ ಒಳಗೋ ಇದೆ. ಕಳಚಿದರೂ ಉರಿಯುತ್ತಿದ್ದರೆ ದಾರಿಯಲ್ಲೆಲ್ಲೋ ವಾಯರ್ ಗಾಡಿಯ ಲೋಹಕ್ಕೆ ತಾಗಿದೆ. ನನ್ನದು ಹಾಗೇ ಆಗಿತ್ತು. ಕ್ಲಿಪ್ ಮುರಿದು ವಾಯರ್ ಪೈಪಿನ ಮೇಲೆ ಬಿದ್ದು, ಸಿಪ್ಪೆ ಕರಗಿ, ತಾಮ್ರ ಚಾಸಿಗೆ ಅಂಟಿತ್ತು. ಒಂದು ಗೇಣು ಹೊಸ ವಾಯರ್, ಎರಡು ಸುತ್ತು ಟೇಪ್, ಅಷ್ಟೇ ಖರ್ಚು.

ಗೋವಾ ಫೋಂಡಾದಿಂದ:

ನನ್ನದು ಉಲ್ಟಾ ಕಥೆ. ಲೈಟ್ ಚೆನ್ನಾಗಿಯೇ ಉರಿಯುತ್ತಿತ್ತು, ಗಾಡಿ ಮಾತ್ರ ಹೂತು ಕೂತಿತ್ತು. ಚೋರ್ಲಾ ಘಾಟಿನ ಈಚೆಗೆ ಒಂದು ಗದ್ದೆ ಬದಿಯಲ್ಲಿ. (ಬೀಚಿನಲ್ಲಿ ಅಲ್ಲ ಮಾರಾಯ್ರೆ, ಗೋವಾದಲ್ಲಿ ಬೀಚಿಗೆ ಗಾಡಿ ಇಳಿಸುವಂತಿಲ್ಲ.) ಹಿಂದಿನ ಚಕ್ರ ಗರಗರ ತಿರುಗುತ್ತಿದೆ, ಮುಂದಿನದು ಮಿಸುಕಾಡುತ್ತಿಲ್ಲ. ಅರ್ಧ ಗಂಟೆ ಟ್ರಾನ್ಸ್‌ಫರ್ ಕೇಸನ್ನೇ ಬೈದೆ. ಆಮೇಲೆ ನಮ್ಮ ಭಾವ ಇಳಿದು ಮುಂದಿನ ಚಕ್ರದ ನಡುವೆ ಮೆತ್ತಿದ್ದ ಕೆಸರು ಒರೆಸಿದರು. ಹಬ್‌ನ ಬಾಣ ‘ಫ್ರೀ’ ಕಡೆಗಿತ್ತು! ಕೈಯಲ್ಲಿ ತಿರುಗಿಸುವ ಹಬ್ ಇದ್ದರೆ ಎರಡೂ ಕಡೆ ‘ಲಾಕ್’ ಮಾಡಲೇಬೇಕು, ಇಲ್ಲದಿದ್ದರೆ ಬಲ ಮುಂದಿನ ಚಕ್ರಕ್ಕೆ ತಲುಪುವುದಿಲ್ಲ. ಲೈಟಿಗೆ ಹಬ್‌ನ ವಿಷಯ ಗೊತ್ತೇ ಇಲ್ಲ. ಕೇಸಿನೊಳಗೆ ಮುಂದಿನ ಶಾಫ್ಟನ್ನು ಜೋಡಿಸುವ ಫೋರ್ಕ್ ಸರಿಯಿತೋ ಇಲ್ಲವೋ, ಅಷ್ಟು ಮಾತ್ರ ಅದು ಹೇಳುತ್ತದೆ.

ಇಲ್ಲಿನ ಉಪ್ಪುಗಾಳಿಗೆ ಕನೆಕ್ಟರ್ ಪಿನ್ನುಗಳು ಹಸಿರುಗಟ್ಟುತ್ತವೆ, ಅದನ್ನೂ ನೋಡಿ. ಆದರೆ ಅದರಿಂದ ಲೈಟ್ ಬರದೇ ಹೋಗುವುದು ಜಾಸ್ತಿ, ಆರದೇ ಇರುವುದಲ್ಲ.

ಪುಣೆ ಚಿಂಚವಡದಿಂದ:

ಕನೆಕ್ಟರ್ ಕಳಚಿದಾಗ ಲೈಟ್ ಆರಿದರೆ ಸೀದಾ ಹೊಸ ಸ್ವಿಚ್ ತರಲು ಓಡಬೇಡಿ. ಕೇಸ್ ನಿಜಕ್ಕೂ 2ಎಚ್‌ಗೆ ಬಂದಿದೆಯಾ ನೋಡಿ. ಸಮತಟ್ಟು ನೆಲದಲ್ಲಿ ಗಾಡಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಮೊದಲ ಗೇರಿನಲ್ಲಿಡಿ. ಹಿಂದಿನ ಟೈರುಗಳಿಗೆ ಹಿಂದೆ ಮುಂದೆ ಮರದ ತುಂಡು ಕೊಡಿ. ಹಬ್ ಎರಡೂ ಲಾಕ್ ಮಾಡಿ ಮುಂದಿನ ಒಂದು ಚಕ್ರ ಎತ್ತಿ, ಕೈಯಲ್ಲಿ ತಿರುಗಿಸಿ. 2ಎಚ್‌ನಲ್ಲಿ ಚಕ್ರ ತಿರುಗಬೇಕು, ಜೊತೆಗೆ ಮುಂದಿನ ಪ್ರೊಪೆಲ್ಲರ್ ಶಾಫ್ಟೂ ತಿರುಗಬೇಕು. 4ಎಚ್‌ನಲ್ಲಿ ಚೂರು ಅಲುಗಾಡಿ ಗಟ್ಟಿ ನಿಲ್ಲಬೇಕು. ಬರೀ ಜಾಕ್ ನಂಬಿ ಅಡಿಗೆ ಮಾತ್ರ ಹೋಗಬೇಡಿ, ಕೈಮುಗಿದು ಹೇಳುತ್ತೇನೆ.

ಇನ್ನೊಂದು ಮಾತು. ಹಳೆಯ ಪಜೆರೊ ಇಟ್ಟುಕೊಂಡವರು ಈ ಲೆಕ್ಕ ಹಾಕಬೇಡಿ. ಅದರಲ್ಲಿ ಮುಂದಿನ ಆಕ್ಸಲ್ ಸೇರಿಸುವುದು ವ್ಯಾಕ್ಯೂಮ್, ಅಂದರೆ ಗಾಳಿ ಹೀರುವ ಬಲ. ಲೈಟ್ ಮಿಣುಕುತ್ತಲೇ ಇದ್ದರೆ ಮೊದಲು ರಬ್ಬರ್ ಪೈಪುಗಳು ಬಿರುಕು ಬಿಟ್ಟಿವೆಯಾ ನೋಡಿ.

ಮುಂಬೈ ಕುರ್ಲಾದಿಂದ:

ಸ್ವಿಚ್ ತರುವಾಗ ಹಳೆಯದನ್ನು ಜೇಬಿನಲ್ಲಿ ಇಟ್ಟುಕೊಂಡೇ ಹೋಗಿ. ತಿರುಪಿನ ಸುತ್ತು (ಥ್ರೆಡ್) ಮತ್ತು ಉದ್ದ ಹೊಂದದಿದ್ದರೆ ಸುಮ್ನೆ ಎರಡು ಸಲ ಓಡಾಟ. ವಾಷರ್ ಹೊಸದು ಹಾಕಿ. ಕೆಲವು ಬೇರೆ ಗಾಡಿಗಳಲ್ಲಿ ಸ್ವಿಚ್ಚಿನ ತೂತಿನಲ್ಲಿ ಒಂದು ಉಕ್ಕಿನ ಗುಂಡು ಕೂತಿರುತ್ತದೆ, ಬಿದ್ದುಹೋದರೆ ಹುಡುಕುತ್ತಾ ಕೂರಬೇಕು. ಕೆಳಗೆ ಬಟ್ಟೆ ಹಿಡಿದು ಬಿಚ್ಚಿ.

ಕೇಳಿದವರು, ಮುಂದಿನ ಭಾನುವಾರ:

ಎಲ್ಲರಿಗೂ ಥ್ಯಾಂಕ್ಸ್. ರಿವರ್ಸ್ ಹೋದೆ, ಆರಲಿಲ್ಲ. ಕನೆಕ್ಟರ್ ಕಳಚಿದೆ, ತಕ್ಷಣ ಆರಿತು. ಜಾಕ್ ಹಾಕಿ ನೋಡಿದರೆ 2ಎಚ್‌ನಲ್ಲಿ ಚಕ್ರ ಆರಾಮಾಗಿ ತಿರುಗಿತು, 4ಎಚ್‌ನಲ್ಲಿ ಗಟ್ಟಿ ನಿಂತಿತು. ಅಂದರೆ ಕೇಸ್ ಸರಿಯಾಗಿಯೇ ಇದೆ. ಸ್ವಿಚ್ ಬಿಚ್ಚಿದಾಗ ಎರಡು ಹನಿ ಗೇರ್ ಆಯಿಲ್ ಬಿತ್ತು. ಮಲ್ಟಿಮೀಟರ್ ಇಟ್ಟರೆ ತುದಿ ಒತ್ತಿದರೂ ಬೀಪ್, ಬಿಟ್ಟರೂ ಬೀಪ್. ಪೆಟ್ರೋಲಿನಲ್ಲಿ ತೊಳೆದೆ, ಮಗಳು ಅದನ್ನು ಹಿಡಿದುಕೊಂಡು ನೂರು ಸಲ ಒತ್ತಿದಳು, ಬೀಪ್ ನಿಲ್ಲಲಿಲ್ಲ. ಅಂದರೆ ಸ್ವಿಚ್ ಸದಾ ಆನ್ ಆಗಿಯೇ ಉಳಿದಿದೆ.

ಹೊಸ ಸ್ವಿಚ್ ಪುಣೆಯ ನಾನಾ ಪೇಠಿನಲ್ಲಿ ಮೂರನೇ ಅಂಗಡಿಯಲ್ಲಿ ಸಿಕ್ಕಿತು. ಹಳೆಯದನ್ನು ಕೌಂಟರಿನ ಮೇಲಿಟ್ಟ ಕೂಡಲೇ ಅಂಗಡಿಯವರು ಮಾತಿಲ್ಲದೆ ಒಳಗೆ ಹೋಗಿ ತಂದರು. ಈಗ ಲಿವರ್ ಹಾಕಿದರೆ ಉರಿಯುತ್ತದೆ, ತೆಗೆದರೆ ಆರುತ್ತದೆ. ವಾಷರ್ ಹತ್ತಿರ ಸೋರುತ್ತದೇನೋ ಅಂತ ರಾತ್ರಿ ಗಾಡಿ ಅಡಿಗೆ ರಟ್ಟು ಹಾಸಿಟ್ಟಿದ್ದೆ. ಬೆಳಿಗ್ಗೆ ನೋಡಿದರೆ ಎಣ್ಣೆ ಕಲೆ ಇಲ್ಲ, ಬೆಕ್ಕು ಮಲಗಿತ್ತು.