ಕತ್ತಿ-ಮಾಟದ ಹಳೆಯ ಕಥೆಗಳನ್ನು ಆಟಕ್ಕಾಗಿ ಮತ್ತೆ ಓದುವುದು ಹೇಗೆ?

ಪ್ರಶ್ನೆ: ನಾಲ್ವರು ಗೆಳೆಯರಿಗೆ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ (ಒಬ್ಬರು ಸನ್ನಿವೇಶ ಹೇಳುತ್ತ ಹೋಗಿ, ಉಳಿದವರು ಪಾತ್ರ ವಹಿಸಿ ದಾಳ ಹಾಕುತ್ತ ಸಾಹಸಗಳನ್ನು ನಡೆಸುವ ಆಟ) ಆಡಿಸಲು ಆರಂಭಿಸಿ ಆರು ತಿಂಗಳಾಯಿತು. ಕಾಲೇಜಿನಲ್ಲಿದ್ದಾಗ ಓದಿದ್ದ, ಕತ್ತಿವೀರ ಕೋನನ್ ಮುಂತಾದ ನಾಯಕರ ಕಥೆಗಳನ್ನು ಮತ್ತೆ ಕೈಗೆತ್ತಿಕೊಂಡಿದ್ದೇನೆ. ಓದುವಾಗ ಖುಷಿಯಾಗುತ್ತದೆ, ಆದರೆ ಆಟಕ್ಕೆ ಕುಳಿತಾಗ ಅವುಗಳಿಂದ ಏನೂ ಒದಗಿಬರುವುದಿಲ್ಲ. ನೀವೆಲ್ಲ ಹೇಗೆ ಓದುತ್ತೀರಿ, ದಯವಿಟ್ಟು ತಿಳಿಸಿ.

ಉತ್ತರ 1: ಕಥೆಯನ್ನು ಇದ್ದಂತೆಯೇ ತಂದು ಆಡಿಸಲು ಹೋಗಿ ನಾನೂ ಕೈಸುಟ್ಟುಕೊಂಡಿದ್ದೇನೆ. ನಾಯಕ ಏನು ಮಾಡಬೇಕೆಂಬುದನ್ನು ಲೇಖಕ ಮೊದಲೇ ತೀರ್ಮಾನಿಸಿರುತ್ತಾನೆ. ನಮ್ಮ ಆಟಗಾರರು ಹಾಗೆ ಹೇಳಿದ ಮಾತು ಕೇಳುವವರಲ್ಲ. ಆದ್ದರಿಂದ ಈಗ ಓದುವಾಗ ನಾಯಕನನ್ನು ಬದಿಗಿಟ್ಟು, ಅವನು ಬರದೇ ಇದ್ದಿದ್ದರೆ ಆ ಜಾಗದಲ್ಲಿ ಏನೇನು ಇರುತ್ತಿತ್ತು ಎಂಬುದನ್ನಷ್ಟೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತೇನೆ. 1933ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಬಂದ ರಾಬರ್ಟ್ ಇ. ಹೋವರ್ಡ್ ಅವರ ‘ದ ಟವರ್ ಆಫ್ ದ ಎಲಿಫೆಂಟ್’ ಕಥೆಯಿಂದ ಕೋನನ್‌ನನ್ನು ತೆಗೆದರೂ ಸಿಂಹಗಳು ಕಾಯುವ ತೋಟ, ಹೊಳೆಯುವ ಗೋಪುರ, ಮೇಲಿನ ಕೋಣೆಯ ದೈತ್ಯ ಜೇಡ, ಮಾಂತ್ರಿಕನ ಸೆರೆಯಲ್ಲಿ ನರಳುತ್ತಿರುವ ಆನೆಮೊಗದ ಕುರುಡು ಜೀವಿ, ಎಲ್ಲವೂ ಉಳಿಯುತ್ತವೆ. ರತ್ನ ಕದಿಯಲು ಹೋದವನಿಗೆ ಕೊನೆಗೆ ಎದುರಾಗುವುದು ಕಾಳಗವಲ್ಲ, ತನ್ನನ್ನು ಕೊಂದು ಬಿಡುಗಡೆ ಮಾಡೆಂಬ ಆ ಜೀವಿಯ ಬೇಡಿಕೆ. ನಾನು ಇದನ್ನು ಆಡಿಸಿದ ದಿನ ನಮ್ಮವರು ಕಾಲು ಗಂಟೆ ದಾಳವನ್ನೇ ಮುಟ್ಟದೆ, ಕೊಲ್ಲಬೇಕೋ ಬೇಡವೋ ಎಂದು ವಾದಿಸಿದರು. (ಆನೆಮೊಗ ಎಂದೊಡನೆ ಒಬ್ಬರು ಕೈಮುಗಿದುಬಿಟ್ಟರು, ಉಳಿದವರು ನಕ್ಕರು. ನಮ್ಮ ಕಡೆ ಆಡಿಸುವವರು ಬೇರೆ ರೂಪ ಕೊಡುವುದೇ ಲೇಸು.)

ಉತ್ತರ 2: ಆಟದ ನಿಯಮಗಳು ಎಲ್ಲಿಂದ ಬಂದವೆಂದು ಹುಡುಕುತ್ತ ಓದಿದರೂ ಲಾಭವಿದೆ. ಈ ಆಟವನ್ನು ರೂಪಿಸಿದವರಲ್ಲೊಬ್ಬರಾದ ಗ್ಯಾರಿ ಗೈಗ್ಯಾಕ್ಸ್, ಆಟ ನಡೆಸುವವರಿಗಾಗಿ ಬರೆದ 1979ರ ಕೈಪಿಡಿ ‘ಡಂಜನ್ ಮಾಸ್ಟರ್ಸ್ ಗೈಡ್’ನಲ್ಲಿ ‘ಅಪೆಂಡಿಕ್ಸ್ ಎನ್’ ಎಂಬ ಅನುಬಂಧದಲ್ಲಿ ತಮಗೆ ಪ್ರೇರಣೆಯಾದ ಲೇಖಕರನ್ನು ಪಟ್ಟಿ ಮಾಡಿದ್ದಾರೆ. ಪ್ರಯೋಗಿಸಿದೊಡನೆ ಮಂತ್ರವು ನೆನಪಿನಿಂದ ಅಳಿಸಿಹೋಗುವ ಹಳೆಯ ಆವೃತ್ತಿಗಳ ನಿಯಮದ ಮೂಲ ಜ್ಯಾಕ್ ವ್ಯಾನ್ಸ್ ಅವರ ‘ದ ಡೈಯಿಂಗ್ ಅರ್ತ್’ (1950). ನಮ್ಮ ಗುಂಪಿನಲ್ಲಿ ಮಾಂತ್ರಿಕನ ಪಾತ್ರ ವಹಿಸುವವರಿಗೆ ಅದು ಬರೀ ಲೆಕ್ಕದ ಕಿರಿಕಿರಿಯಾಗಿತ್ತು. ಪಯಣಕ್ಕೆ ಮುನ್ನ ಮಾಂತ್ರಿಕನೊಬ್ಬ ತನ್ನ ತಲೆಯಲ್ಲಿ ಹಿಡಿಸುವಷ್ಟೇ ಮಂತ್ರಗಳನ್ನು ಆರಿಸಿಕೊಳ್ಳುವ ಭಾಗವನ್ನು ಓದಿ ಹೇಳಿದ ಮೇಲೆ, ಅವರು ಬುತ್ತಿ ಕಟ್ಟಿಕೊಳ್ಳುವವರಂತೆ ಎಚ್ಚರದಿಂದ ಮಂತ್ರ ಆರಿಸತೊಡಗಿದರು.

ಉತ್ತರ 3: ನನಗೆ ಒದಗಿದ್ದು ಫ್ರಿಟ್ಜ್ ಲೈಬರ್ ಎಂಬ ಲೇಖಕರ ಕಥೆಗಳು. ಅವರ ಫಾಫರ್ಡ್ ಮತ್ತು ಗ್ರೇ ಮೌಸರ್ ಲೋಕವನ್ನು ಉಳಿಸಲು ಹೊರಟವರಲ್ಲ. ಕೈ ಬರಿದಾದಾಗ ಕೆಲಸ ಹುಡುಕುವ ಜೋಡಿ. ಲಂಕ್‌ಮಾರ್ ನಗರದಲ್ಲಿ ಕಳ್ಳರಿಗೂ ಒಂದು ಸಂಘವಿದೆ, ಅದನ್ನು ಎದುರುಹಾಕಿಕೊಂಡವರು ಎಷ್ಟು ಬೆಲೆ ತೆರುತ್ತಾರೆಂಬುದು 1970ರ ‘ಇಲ್ ಮೆಟ್ ಇನ್ ಲಂಕ್‌ಮಾರ್’ ಕಥೆಯಲ್ಲಿದೆ. ಅದನ್ನು ಓದಿದಂದಿನಿಂದ ನಾನು ಪ್ರತಿ ಆಟದ ಆರಂಭದಲ್ಲಿ ಕಳೆದ ಬಾರಿಯ ಹಣವೆಲ್ಲ ಹೇಗೆ ಖರ್ಚಾಯಿತೆಂದು ಕೇಳುತ್ತೇನೆ. ಅವರ ಉತ್ತರದಿಂದಲೇ ಮುಂದಿನ ಸಾಹಸ ಹುಟ್ಟುತ್ತದೆ. ಇನ್ನೊಂದು ಮಾತು: ಕೋನನ್‌ನಂಥ 1930ರ ದಶಕದ ಕಥೆಗಳಲ್ಲಿ ಕಪ್ಪು ಜನರ, ಹೆಂಗಸರ ಚಿತ್ರಣ ಹಲವೆಡೆ ಮುಜುಗರ ತರುತ್ತದೆ, ಅದನ್ನು ಆಟದೊಳಕ್ಕೆ ಬಿಟ್ಟುಕೊಳ್ಳಬೇಡಿ. ನಿಮ್ಮ ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದರೆ, ಅದೇ ‘ವಿಯರ್ಡ್ ಟೇಲ್ಸ್’ನಲ್ಲಿ 1934ರಲ್ಲಿ ಸಿ. ಎಲ್. ಮೂರ್ ಎಂಬ ಲೇಖಕಿ ಸೃಷ್ಟಿಸಿದ, ಕತ್ತಿ ಹಿಡಿದ ಜಿರೆಲ್‌ಳ ಕಥೆಗಳಿಂದಲೇ ಆರಂಭಿಸಬಹುದು.