ಟೈರ್ ಎಣ್ಣೆ ಡೀಸೆಲ್ ಎಂಜಿನ್‌ಗೆ ಆಗುತ್ತಾ?

ಪ್ರಶ್ನೆ:
ಹಳೇ ಟೈರ್‌ನಿಂದ ತೆಗೆದ ಪೈರಾಲಿಸಿಸ್ ಎಣ್ಣೆಯನ್ನು (ಗಾಳಿಯಿಲ್ಲದೆ ಕಾಯಿಸಿ ತೆಗೆದದ್ದು) ಡೀಸೆಲ್ ಜೊತೆ ಬೆರೆಸಿ ಜನರೇಟರ್‌ಗೆ ಹಾಕಬಹುದಾ? ಹಳೇ ಎಂಜಿನ್, ಇನ್‌ಲೈನ್ ಪಂಪ್ (ಡೀಸೆಲ್ ಚಿಮ್ಮಿಸುವ ಹಳೇ ಮಾದರಿಯ ಯಾಂತ್ರಿಕ ಪಂಪ್). ಮಾರುವವರು ತಿಳಿ ಹಳದಿ ಎಣ್ಣೆ ತೋರಿಸಿ, ಡೀಸೆಲ್‌ನಷ್ಟೇ ಶುದ್ಧ ಅನ್ನುತ್ತಾರೆ.

ಉತ್ತರ 1:
ಬಣ್ಣ ನೋಡಿ ನಂಬಬೇಡಿ ಸರ್. ಬ್ಲೀಚಿಂಗ್ ಮಣ್ಣಿನಲ್ಲಿ ಸೋಸಿದರೆ ಕಪ್ಪು, ಅಂಟು ಹೋಗುತ್ತೆ. ಗಂಧಕ ಬಹುಪಾಲು ಹಾಗೇ ಉಳಿಯುತ್ತೆ. ರಬ್ಬರ್ ಗಟ್ಟಿ ಮಾಡಲು ಹಾಕಿದ ಗಂಧಕವೇ ಎಣ್ಣೆಗೂ ಬರೋದು. ಸಾಮಾನ್ಯವಾಗಿ ಶೇ. 1ರ ಆಸುಪಾಸು, ಅಂದರೆ 10,000 ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಭಾಗ ಅನ್ನೋ ಲೆಕ್ಕ). ಬಿಎಸ್ 6 (ಭಾರತದ ಹೊಗೆ ಮಾನದಂಡ) ಡೀಸೆಲ್‌ನ ಮಿತಿ 10 ಪಿಪಿಎಂ. 90 ಲೀಟರ್ ಡೀಸೆಲ್‌ಗೆ 10 ಲೀಟರ್ ಬೆರೆಸಿದರೂ ಸುಮಾರು 1,000 ಪಿಪಿಎಂ, ನೂರು ಪಟ್ಟು! ಅದು ಉರಿದು ಆಮ್ಲವಾಗಿ ಎಂಜಿನ್ ಆಯಿಲ್‌ಗೆ ಇಳಿಯುತ್ತೆ. ಆಯಿಲ್‌ನ ಟಿಬಿಎನ್ (ಆಮ್ಲ ತಡೆಯುವ ಶಕ್ತಿ) ಬೇಗ ಕುಸಿದು ಲೈನರ್, ರಿಂಗ್, ಬೇರಿಂಗ್ ಸವೆಯುತ್ತವೆ.

ಉತ್ತರ 2:
ಸಿಟೇನ್ (ಇಂಧನ ಎಷ್ಟು ಬೇಗ ಹೊತ್ತಿಕೊಳ್ಳುತ್ತೆ ಅನ್ನೋ ಅಂಕಿ) ವಿಷಯವೂ ಇದೆ. ಡೀಸೆಲ್‌ಗೆ 51 ಇದ್ದರೆ ಇದಕ್ಕೆ 30ರ ಹತ್ತಿರ. ಉರಿ ಹತ್ತೋದು ತಡವಾಗಿ, ಆಮೇಲೆ ಒಮ್ಮೆಲೇ ಹತ್ತುತ್ತೆ. ನಾಕಿಂಗ್ (ಎಂಜಿನ್‌ನ ಬಡಿತದ ಸದ್ದು) ಬರೋದು ಅದಕ್ಕೇ. ತಣ್ಣಗಿನ ಎಂಜಿನ್‌ನಲ್ಲಿ ಬಿಳಿ ಹೊಗೆ, ಇಂಧನ ಚಿಮ್ಮಿಸುವ ನಾಝಲ್ ತುದಿಯಲ್ಲಿ ಇಂಗಾಲ. ಕಾಮನ್ ರೈಲ್ (ಹೆಚ್ಚು ಒತ್ತಡದ ಹೊಸ ಇಂಧನ ವ್ಯವಸ್ಥೆ) ಅಥವಾ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಎಂಜಿನ್‌ಗೆ ಒಂದು ಹನಿಯೂ ಬೇಡ.

ಪ್ರಶ್ನೆ ಕೇಳಿದವರು:
ಹಾಗಾದರೆ ಇನ್‌ಲೈನ್ ಪಂಪ್‌ಗೆ ಹೇಗೆ?

ಉತ್ತರ 1:
ಬಟ್ಟಿ ಇಳಿಸಿದ ಎಣ್ಣೆಯನ್ನೇ ಕೇಳಿ, ಜೊತೆಗೆ ಗಂಧಕ, ನೀರು, ಫ್ಲ್ಯಾಶ್ ಪಾಯಿಂಟ್‌ನ (ಎಣ್ಣೆಯ ಆವಿ ಕಿಡಿಗೆ ಹೊತ್ತಿಕೊಳ್ಳುವ ಉಷ್ಣಾಂಶ) ಲ್ಯಾಬ್ ವರದಿ ಇರಲಿ. ಬಟ್ಟಿ ಇಳಿಸದ ಕಚ್ಚಾ ಟೈರ್ ಎಣ್ಣೆಯ ಫ್ಲ್ಯಾಶ್ ಪಾಯಿಂಟ್ ಕೋಣೆಯ ಉಷ್ಣಾಂಶದಷ್ಟು ಕೆಳಗೂ ಇರಬಹುದು, ಡ್ರಮ್ ಹತ್ತಿರ ಬೆಂಕಿ, ಕಿಡಿ ಬೇಡ.

ಮೊದಲು ಬೆರೆಸಿದ್ದನ್ನು ಗಾಜಿನ ಬಾಟಲಿಯಲ್ಲಿ ಎರಡು ದಿನ ಅಲುಗಿಸದೆ ಇಡಿ. ತಳದಲ್ಲಿ ಅಂಟು, ನೀರು ಕಂಡರೆ ಆ ಎಣ್ಣೆ ಬಿಟ್ಟುಬಿಡಿ. ಶೇ. 10 ದಾಟಬೇಡಿ. ಶುದ್ಧ ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ ಬಿಸಿಯಾದ ಮೇಲೆ ಮಿಶ್ರಣಕ್ಕೆ ಹೊರಳಿ. ನಿಲ್ಲಿಸುವ ಮುಂಚೆ 10 ನಿಮಿಷ ಮತ್ತೆ ಡೀಸೆಲ್. ಇಲ್ಲದಿದ್ದರೆ ಅಂಟು ಪಂಪಿನಲ್ಲೇ ಕೂತು ಪ್ಲಂಜರ್ (ಇಂಧನ ಒತ್ತುವ ಸಣ್ಣ ಕಂಬಿ) ಕಚ್ಚಿಕೊಳ್ಳುತ್ತೆ. ಆಯಿಲ್ ಬದಲಿಸುವ ಅವಧಿ ಅರ್ಧಕ್ಕೆ ಇಳಿಸಿ. ತಿಂಗಳುಗಟ್ಟಲೆ ಶೇಖರಿಸಿಡಬೇಡಿ, ಗಾಳಿ ತಾಗಿದರೆ ಮತ್ತೆ ಕಪ್ಪಾಗಿ ಅಂಟುಗಟ್ಟುತ್ತೆ.

ಉತ್ತರ 3:
ನನ್ನ ಮಟ್ಟಿಗೆ ಇದರ ಜಾಗ ಬಾಯ್ಲರ್, ಫರ್ನೇಸ್. ಅಲ್ಲೂ ಹೊಗೆಯ ಗಂಧಕ ತೊಳೆಯುವ ಸ್ಕ್ರಬ್ಬರ್ ಬೇಕು. ಎಂಜಿನ್‌ಗೆ ಹಾಕಲೇಬೇಕೆಂದರೆ ಹಳೇ ರಬ್ಬರ್ ಪೈಪ್, ಸೀಲ್‌ಗಳನ್ನು ವಿಟಾನ್‌ಗೆ (ಇಂಧನ ತಡೆದುಕೊಳ್ಳುವ ವಿಶೇಷ ರಬ್ಬರ್) ಬದಲಿಸಿ. ಈ ಎಣ್ಣೆಯ ಆರೊಮ್ಯಾಟಿಕ್‌ಗಳಿಗೆ (ಬೆಂಜೀನ್ ಜಾತಿಯ ರಾಸಾಯನಿಕಗಳು) ಸಾಮಾನ್ಯ ರಬ್ಬರ್ ಉಬ್ಬಿ ಸೋರುತ್ತೆ.