ಅಂಗಾತ ಮಲಗಲಾಗದ ನೋವಿನಲ್ಲಿ ಎಂಆರ್‌ಐ ಮಾಡಿಸಿಕೊಂಡವರು ಹೇಗೆ ನಿಭಾಯಿಸಿದಿರಿ?

ದಾವಣಗೆರೆಯ ಮಗಳು (ಪ್ರಶ್ನೆ)

ಅಮ್ಮನಿಗೆ 64 ವರ್ಷ. ಸೊಂಟದಿಂದ ಎಡಗಾಲಿನ ಹೆಬ್ಬೆರಳಿನವರೆಗೆ ಸೆಳೆತ. ಮೊಣಕಾಲು ಮಡಚಿ ಮಗ್ಗುಲಾಗಿ ಮಲಗಿದರೆ ಮಾತ್ರ ಸ್ವಲ್ಪ ಹೊತ್ತು ಕಣ್ಣು ಹತ್ತುತ್ತದೆ. ಮೂಳೆ ವೈದ್ಯರು ಎಂಆರ್‌ಐ ಬರೆದುಕೊಟ್ಟರು. ಕರೆದುಕೊಂಡು ಹೋದೆವು, ಒಳಗೆ ಹೋದ ಸ್ವಲ್ಪ ಹೊತ್ತಿಗೇ ಸಿಬ್ಬಂದಿಯನ್ನು ಕರೆಯಲು ಕೈಯಲ್ಲಿ ಕೊಟ್ಟಿದ್ದ ರಬ್ಬರ್ ಬಲ್ಬ್ ಒತ್ತಿ ಹೊರಗೆ ಬಂದುಬಿಟ್ಟರು. ಇಷ್ಟು ಅಲುಗಾಡಿದರೆ ಚಿತ್ರ ಬರುವುದಿಲ್ಲ ಎಂದು ವಾಪಸು ಕಳುಹಿಸಿದರು. ಗುರುವಾರಕ್ಕೆ ಮತ್ತೆ ಸಮಯ ಕೊಟ್ಟಿದ್ದಾರೆ. ಅಮ್ಮನಿಗೆ ರಕ್ತದೊತ್ತಡ ಇದೆ, ಸಕ್ಕರೆ ಕಾಯಿಲೆ ಇಲ್ಲ. ಮಗ್ಗುಲಾಗಿ ಮಲಗಿಸಿಯೇ ಸ್ಕ್ಯಾನ್ ಮಾಡಲು ಆಗುತ್ತದೆಯೇ? ನೋವಿದ್ದವರು ಏನು ಮಾಡಿದಿರಿ, ದಯವಿಟ್ಟು ತಿಳಿಸಿ.

ಸಾಗರದ ತೋಟಿಗ

ನನ್ನದು ಎಲ್4–ಎಲ್5, ಅಂದರೆ ಸೊಂಟದ ಕೊನೆಯ ಎರಡು ಮೂಳೆಗಳ ನಡುವಿನ ತೊಂದರೆ. ಅಡಿಕೆ ಹೊರೆ ಎತ್ತುವಾಗ ಹಿಡಿದ ಸೊಂಟ ಮಳೆಗಾಲ ಮುಗಿದರೂ ಬಿಡಲಿಲ್ಲ. ಶಿವಮೊಗ್ಗಕ್ಕೆ ಕಾರಿನಲ್ಲಿ ಹೋಗುವುದೇ ಒಂದು ಶಿಕ್ಷೆ. ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಹೋದೆ, ಪ್ರತಿ ರಸ್ತೆಯುಬ್ಬಿಗೂ ಕಾಲಿನಲ್ಲಿ ಬೆಂಕಿ ಹರಿದಂತಾಗುತ್ತಿತ್ತು. ನಮ್ಮ ಊರಿನ ವೈದ್ಯರು ಮುಂಜಾನೆಯೇ ನೋವಿನ ಮದ್ದು ಡೈಕ್ಲೋಫೆನಾಕ್ ಚುಚ್ಚಿ ಕಳುಹಿಸಿದ್ದರು. ಆದರೆ ಸ್ಕ್ಯಾನ್ ಕೇಂದ್ರದವರು ಒಂಬತ್ತಕ್ಕೆ ಬರಲು ಹೇಳಿ ಮಧ್ಯಾಹ್ನದವರೆಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು. ಒಳಗೆ ಕರೆಯುವ ಹೊತ್ತಿಗೆ ಮದ್ದಿನ ಬಲ ಇಳಿದಿತ್ತು.

ನಾನು ಅಲ್ಲಿಯೇ ಜಗಳ ತೆಗೆದೆ. ನೋವಿನವನನ್ನು ಕುರ್ಚಿಯಲ್ಲಿ ಕೂರಿಸಿ, ಆಮೇಲೆ ಅಲುಗಾಡಬೇಡ ಎನ್ನುವುದು ಯಾವ ನ್ಯಾಯ? ಕೊನೆಗೆ ಪ್ಯಾರಾಸಿಟಮಾಲ್ ಡ್ರಿಪ್ ಹಾಕಿಸಿ, ಮೊಣಕಾಲಿನ ಕೆಳಗೆ ದಪ್ಪ ದಿಂಬು ಇಟ್ಟು ಮಲಗಿಸಿದರು. ಆ ದಿಂಬೇ ನನ್ನನ್ನು ಉಳಿಸಿದ್ದು. ಕಾಲು ಮಡಚಿದರೆ ಸೊಂಟದ ಬಾಗು ಇಳಿಯುತ್ತದೆ, ನರದ ಮೇಲಿನ ಎಳೆತ ತಗ್ಗುತ್ತದೆ. ಸ್ಕ್ಯಾನಿಗೆ 6,500, ಕಾರಿಗೆ 3,200, ಡ್ರಿಪ್‌ಗೆ 450, ಫಿಲ್ಮ್ ಬೇಕೆಂದರೆ ಮತ್ತೆ 500. ಫಿಲ್ಮ್‌ನ ಹಣ ಮೊದಲು ಹೇಳಿರಲಿಲ್ಲ. ಈ 500 ಇಂದಿಗೂ ನನಗೆ ಜೀರ್ಣವಾಗಿಲ್ಲ.

ಜಯನಗರ ನಿವಾಸಿ

ಇಷ್ಟೆಲ್ಲ ಒದ್ದಾಡುವುದು ಯಾಕೆ? ನನ್ನ ಹೆಂಡತಿಗೆ ಅರಿವಳಿಕೆ ತಜ್ಞರನ್ನು ಕರೆಸಿ, ನಿದ್ರೆ ಬರಿಸಿಯೇ ಮಾಡಿಸಿದೆ. ಬೆಂಗಳೂರಿನಲ್ಲಿ ದೊಡ್ಡ ಆಸ್ಪತ್ರೆಗಳಲ್ಲಿ ಈ ವ್ಯವಸ್ಥೆ ಇರುತ್ತದೆ, ಮೊದಲೇ ಹೇಳಿರಬೇಕು. ಸ್ಕ್ಯಾನ್ 9,800, ಅರಿವಳಿಕೆ ತಜ್ಞರಿಗೆ 5,000, ಔಷಧಿ ಮತ್ತು ಸೂಜಿ 1,140, ಇಸಿಜಿ 350, ರಕ್ತ ಪರೀಕ್ಷೆ 900, ಎಚ್ಚರವಾಗುವವರೆಗೆ ಹಾಸಿಗೆಗೆ 1,500. ಒಟ್ಟು 18,690. ಆರು ಗಂಟೆ ಊಟವಿಲ್ಲ, ಕೊನೆಯ ಎರಡು ಗಂಟೆ ನೀರೂ ಇಲ್ಲ. ಅವಳಿಗೆ ಯಂತ್ರದೊಳಗೆ ಹೋದದ್ದೇ ಗೊತ್ತಿಲ್ಲ. ಚಿತ್ರಗಳು ಕನ್ನಡಿಯಂತೆ ಬಂದವು, ಶಸ್ತ್ರಚಿಕಿತ್ಸಕರು ಮೊದಲ ನೋಟಕ್ಕೇ ನಿರ್ಧಾರ ಹೇಳಿದರು. ಹಣ ಹೋಯಿತು ನಿಜ, ಆದರೆ ಮನೆಯವರನ್ನು ನೋವಿನಲ್ಲಿ ನರಳಿಸಿ ಉಳಿಸಿದ ಹಣದಲ್ಲಿ ಏನಿದೆ?

ಧಾರವಾಡದ ಶಿಕ್ಷಕಿ

ಜಯನಗರದವರೇ, ನಿದ್ರೆ ಬರಿಸುವುದನ್ನು ಇಷ್ಟು ಹಗುರವಾಗಿ ಹೇಳಬೇಡಿ. ನಮ್ಮ ತಂದೆಗೆ ಗೊರಕೆ ಜಾಸ್ತಿ, ಶ್ವಾಸಕೋಶವೂ ಅಷ್ಟಕ್ಕಷ್ಟೆ. ಮಲಗಿಸಿದ ಸ್ವಲ್ಪ ಹೊತ್ತಿಗೆ ಆಮ್ಲಜನಕದ ಮಟ್ಟ ಇಳಿದು, ಹೊರಗೆಳೆದು ಮುಖವಾಡ ಕಟ್ಟಿದರು. ಗಾಜಿನ ಆಚೆ ನಿಂತು ನೋಡಿದವಳು ನಾನು. ಸ್ಕ್ಯಾನ್ ಆಗಲಿಲ್ಲ, ಹಣವೂ ಪೂರ್ತಿ ವಾಪಸಾಗಲಿಲ್ಲ. 11,000ದಲ್ಲಿ 4,000 ಕೊಟ್ಟರು, ಅದಕ್ಕೂ ಅರ್ಜಿ ಬರೆಸಿಕೊಂಡರು. 60 ದಾಟಿದವರಿಗೆ, ರಕ್ತದೊತ್ತಡ ಇರುವವರಿಗೆ ಇದನ್ನು ಮೊದಲ ದಾರಿಯೆಂದು ಹೇಳುವುದು ಹೊಣೆಗೇಡಿತನ.

ಜಯನಗರ ನಿವಾಸಿ

ನಿಮ್ಮ ತಂದೆಯವರ ಗೊರಕೆಯನ್ನು ಮೊದಲೇ ಪರೀಕ್ಷಿಸದವರ ತಪ್ಪನ್ನು ಪದ್ಧತಿಯ ಮೇಲೆ ಹೊರಿಸಬೇಡಿ. ಅರಿವಳಿಕೆ ತಜ್ಞರು ಉದ್ದಕ್ಕೂ ಪಕ್ಕದಲ್ಲಿ ಇದ್ದರೇ? ನಾಡಿ, ಆಮ್ಲಜನಕ ನೋಡುವ ಯಂತ್ರ ಎಂಆರ್‌ಐ ಕೋಣೆಗೆ ಒಗ್ಗುವಂಥದ್ದೇ ಆಗಿತ್ತೇ? ನಾನು ಇದೆಲ್ಲ ಕೇಳಿಯೇ ಸಹಿ ಹಾಕಿದವನು.

ಧಾರವಾಡದ ಶಿಕ್ಷಕಿ

ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತ ಮಗಳಿಗೆ ಯಾವ ಯಂತ್ರ ಎಂದು ಗೊತ್ತಾಗುವುದು ಹೇಗೆ, ಹೇಳಿ. ಎಲ್ಲರಿಗೂ ನಿಮ್ಮ ಓದು, ನಿಮ್ಮ ಬಿಡುವು ಇರುವುದಿಲ್ಲ.

ಮೈಸೂರಿನವ

ನನ್ನ ಕಥೆ ಬೇರೆ. ಎರಡೂ ಬದಿ ತೆರೆದಿರುವ ಯಂತ್ರವಿದೆ, ಅಲ್ಲಿ ಉಸಿರುಗಟ್ಟುವುದಿಲ್ಲ ಎಂದು ಯಾರೋ ಹೇಳಿದರು, ಹೋದೆ. ಗುಹೆಯಂತೆ ಇರುವುದಿಲ್ಲ, ಅದು ನಿಜ. ಆದರೆ ಇಂಥ ಯಂತ್ರಗಳಲ್ಲಿ ಹೆಚ್ಚಿನವುಗಳ ಕಾಂತಶಕ್ತಿ ಕಡಿಮೆ, ಮಾಮೂಲಿ ಯಂತ್ರದ 1.5 ಟೆಸ್ಲಾಕ್ಕೆ ಹೋಲಿಸಿದರೆ ಕಾಲು ಭಾಗವೂ ಇಲ್ಲ. ಶಕ್ತಿ ಕಡಿಮೆಯಾದಷ್ಟೂ ಹೊತ್ತು ಜಾಸ್ತಿ. ನೋವಿನ ಬೆನ್ನು ಕೆಳಗೆ ಹಾಕಿ ಮುಕ್ಕಾಲು ಗಂಟೆ ಮೀರಿ ಮಲಗಿದ್ದೆ, ಕಣ್ಣಿನಿಂದ ನೀರು ಕಿವಿಗೆ ಇಳಿಯುತ್ತಿತ್ತು, ಒರೆಸಿಕೊಳ್ಳುವಂತಿಲ್ಲ. ಅಷ್ಟು ಮಾಡಿ 4,500 ಕೊಟ್ಟು ಬಂದರೆ, ನರರೋಗ ತಜ್ಞರು ಫಿಲ್ಮ್ ಎತ್ತಿ ಹಿಡಿದು "ಇದರಲ್ಲಿ ನರದ ಬೇರು ಸ್ಪಷ್ಟವಿಲ್ಲ, ಇನ್ನೊಮ್ಮೆ ಮಾಡಿಸಿ" ಎಂದರು. ಮತ್ತೆ 7,800. ಇಡೀ ಬೆನ್ನುಹುರಿಯ ಸ್ಕ್ರೀನಿಂಗ್ ಸೇರಿಸಲು 1,500. ಒಂದೇ ಬೆನ್ನಿಗೆ 13,800 ರೂಪಾಯಿ! ಕಡಿಮೆ ಬೆಲೆಯ ಕಡೆಗೆ ಕಳುಹಿಸುವ ಮೊದಲು ವೈದ್ಯರು ಇದನ್ನು ಹೇಳಬೇಕಿತ್ತು.

ಎಂಆರ್‌ಐ ಕೋಣೆಯ ಟೆಕ್ನೀಷಿಯನ್

ಕನ್ಸೋಲ್ ಮುಂದೆ ಕುಳಿತು ಈ ಕೆಲಸ ಮಾಡುವವನು ನಾನು, ಆದ್ದರಿಂದ ಬರೆಯದೆ ಇರಲಾಗಲಿಲ್ಲ. ಇಡೀ ಅರ್ಧ ಗಂಟೆ ಕಲ್ಲಾಗಿ ಮಲಗಬೇಕು ಎಂದು ಜನ ತಿಳಿದು ಬರುತ್ತಾರೆ, ಆ ಹೆದರಿಕೆಯಿಂದಲೇ ಸ್ನಾಯು ಬಿಗಿಯುತ್ತದೆ. ಸೊಂಟದ ಸ್ಕ್ಯಾನ್ ಒಂದೇ ಓಟ ಅಲ್ಲ. ಎರಡರಿಂದ ಐದಾರು ನಿಮಿಷದ ಬೇರೆ ಬೇರೆ ಸರಣಿಗಳು, ನಡುವೆ ಸದ್ದು ನಿಲ್ಲುತ್ತದೆ. ಟಕಟಕ ಸದ್ದು ಇರುವಾಗ ಅಲುಗಾಡಬಾರದು. ಸದ್ದು ನಿಂತಾಗ ದೀರ್ಘವಾಗಿ ಉಸಿರೆಳೆಯಬಹುದು, ಕೆಮ್ಮಬಹುದು, ಬೆರಳು ಆಡಿಸಬಹುದು. ಸೊಂಟದ ಜಾಗ ಮಾತ್ರ ಬದಲಿಸಬಾರದು, ಯಾಕೆಂದರೆ ಮುಂದಿನ ಸರಣಿಗಳನ್ನು ಮೊದಲ ಚಿತ್ರದ ಮೇಲೆಯೇ ಗುರುತು ಹಾಕಿರುತ್ತೇವೆ. ಒಂದು ಸರಣಿ ಕೆಟ್ಟರೆ ಅದೊಂದನ್ನೇ ಮತ್ತೆ ತೆಗೆಯಬಹುದು. ತೀರಾ ನೋವಿದ್ದವರಿಗೆ ಮುಖ್ಯವಾದ ಟಿ2 ಉದ್ದ ಸೀಳಿಕೆಯನ್ನು (ಬೆನ್ನನ್ನು ಉದ್ದಕ್ಕೆ ಸೀಳಿದಂತೆ ಪಕ್ಕದಿಂದ ತೋರಿಸುವ ಸರಣಿ) ಮೊದಲೇ ತೆಗೆದುಕೊಳ್ಳಿ ಎಂದು ಕೇಳಿ. ಉಳಿದದ್ದು ಅರ್ಧಕ್ಕೆ ನಿಂತರೂ ವೈದ್ಯರಿಗೆ ಏನಾದರೂ ಸಿಗುತ್ತದೆ.

ಕೇಳಿದವರ ಪ್ರಶ್ನೆಗೆ: ಚಿತ್ರಕ್ಕೆ ಬೇಕಾದ ಸಂಕೇತ ಹಿಡಿಯುವ ಬೆನ್ನಿನ ಕಾಯಿಲ್ ಮೇಜಿನೊಳಗೇ ಇರುತ್ತದೆ, ಆದ್ದರಿಂದ ಅಂಗಾತ ಮಲಗಿದರೆ ಚಿತ್ರ ಚೆನ್ನ. ಮಗ್ಗುಲಾಗಿ ಮಾಡಿದ್ದೂ ಇದೆ, ಚಿತ್ರದ ಗುಣ ಸ್ವಲ್ಪ ಇಳಿಯುತ್ತದೆ, ರೇಡಿಯಾಲಜಿಸ್ಟ್ ಒಪ್ಪಬೇಕು. ಮೊಣಕಾಲು ಮಡಚಲು ಜಾಗ ಬೇಕಲ್ಲ, ಆದ್ದರಿಂದ ಒಳ ಅಗಲ 60 ಸೆಂಟಿಮೀಟರ್ ಇರುವ ಯಂತ್ರಕ್ಕಿಂತ 70 ಇರುವುದನ್ನು ಕೇಳಿ. ಎರಡರಲ್ಲಿಯೂ 1.5 ಅಥವಾ 3 ಟೆಸ್ಲಾ ಸಿಗುತ್ತದೆ, ಮೈಸೂರಿನವರ ತೆರೆದ ಯಂತ್ರದ ಮಾತು ಇದಕ್ಕೆ ಅನ್ವಯಿಸುವುದಿಲ್ಲ. ಕಾಲು ಮೊದಲು ಹಾಕಿ ಒಳಗೆ ಕಳುಹಿಸಿದರೆ ತಲೆ ಯಂತ್ರದ ಬಾಯಿಯ ಹತ್ತಿರ ಉಳಿಯುತ್ತದೆ, ಕೆಲವರಿಗೆ ಅದೇ ದೊಡ್ಡ ಸಮಾಧಾನ. ಕಾಲುಂಗುರ, ತಾಳಿ, ಹೇರ್‌ಪಿನ್ ಮನೆಯಲ್ಲಿಯೇ ತೆಗೆದಿಡಿ. ಮೇಜಿನ ಮೇಲೆ ಮಲಗಿಸಿ ಆಮೇಲೆ ಎಬ್ಬಿಸುವುದೇ ನೋವಿನವರಿಗೆ ದೊಡ್ಡ ಹಿಂಸೆ.

ಜಯನಗರ ನಿವಾಸಿ

ನಿದ್ರೆ ಬರುವ ಒಂದು ಗುಳಿಗೆ ಕೊಟ್ಟರೂ ಸಾಕಾಗಬಹುದಲ್ಲವೇ? ಅಲ್ಪ್ರಜೋಲಂ ಎಷ್ಟೋ ಜನ ತೆಗೆದುಕೊಂಡು ಹೋಗುತ್ತಾರೆ.

ಎಂಆರ್‌ಐ ಕೋಣೆಯ ಟೆಕ್ನೀಷಿಯನ್

ಅದು ಹೆದರಿಕೆಗೆ, ನೋವಿಗಲ್ಲ. ನೋವು ಹಾಗೆಯೇ ಇದ್ದು ಅರೆ ನಿದ್ರೆಯಲ್ಲಿದ್ದವರು ಬೆಚ್ಚಿಬಿದ್ದು ಹೊರಳುತ್ತಾರೆ, ಎಚ್ಚರ ಇದ್ದವರಷ್ಟೂ ಸಹಕರಿಸುವುದಿಲ್ಲ. ನಾನು ದಿನವೂ ನೋಡುವುದು ಇದನ್ನೇ. ಯಾವ ಗುಳಿಗೆಯನ್ನೂ ಬರೆದುಕೊಟ್ಟ ವೈದ್ಯರನ್ನು ಕೇಳದೆ ನುಂಗಿಸಬೇಡಿ. ಸಾಗರದವರು ಹೇಳಿದ ಡೈಕ್ಲೋಫೆನಾಕ್ ಕೂಡ ರಕ್ತದೊತ್ತಡ, ಮೂತ್ರಪಿಂಡ, ಹೊಟ್ಟೆ ಹುಣ್ಣು ಇರುವವರಿಗೆ ವಿಚಾರಿಸಿಯೇ ಕೊಡುವ ಮದ್ದು.

ಸಾಗರದ ತೋಟಿಗ

ನಾನು ನನಗೆ ಕೊಟ್ಟದ್ದನ್ನು ಹೇಳಿದೆ, ಚೀಟಿ ಬರೆದುಕೊಡಲಿಲ್ಲ. ನಿಮ್ಮ ಕೇಂದ್ರಗಳಲ್ಲಿ ಕಾಯುವವರಿಗೆ ಒಂದು ಮಂಚ ಹಾಕಿಸಿ, ಆಮೇಲೆ ನಮಗೆ ಬುದ್ಧಿ ಹೇಳಿ.

ಎಂಆರ್‌ಐ ಕೋಣೆಯ ಟೆಕ್ನೀಷಿಯನ್

ಮಂಚ ನನ್ನ ಕೈಯಲ್ಲಿಲ್ಲ ಸರ್. ನಡುವೆ ತುರ್ತು ರೋಗಿ ಬಂದರೆ ಪಟ್ಟಿ ಹಿಂದೆ ಸರಿಯುತ್ತದೆ. ಆದರೆ ಹೊರಡುವ ಮೊದಲು ಫೋನ್ ಮಾಡಿ "ಪಟ್ಟಿ ಎಷ್ಟು ತಡವಾಗಿದೆ" ಎಂದು ಕೇಳುವುದು, ಚುಚ್ಚುಮದ್ದನ್ನು ಅಲ್ಲಿಯೇ, ಒಳಗೆ ಹೋಗುವ ಅರ್ಧ ಗಂಟೆ ಮೊದಲು ಹಾಕಿಸುವುದು ನಿಮ್ಮ ಕೈಯಲ್ಲಿದೆ.

ಮಂಗಳೂರಿನ ಅಕ್ಕ

ನೀವೆಲ್ಲ ಸೊಂಟದ ಬಗ್ಗೆ ಹೇಳುತ್ತೀರಿ. ನನಗೆ ಸ್ತನದ ಶಸ್ತ್ರಚಿಕಿತ್ಸೆಯ ನಂತರ ಪೆಟ್ ಸಿಟಿ, ಅಂದರೆ ಕ್ಯಾನ್ಸರ್ ಎಲ್ಲಿದೆ ಎಂದು ನೋಡುವ ಸ್ಕ್ಯಾನ್. ಎರಡೂ ತೋಳು ತಲೆಯ ಮೇಲೆ ಎತ್ತಿ ಇಪ್ಪತ್ತು ಮೂವತ್ತು ನಿಮಿಷ. ಕಂಕುಳಿನ ಗ್ರಂಥಿ ತೆಗೆದ ಕಡೆಯ ಭುಜ ಕಿವಿಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಅದಕ್ಕೂ ಮೊದಲು ಸಕ್ಕರೆಯಂಥ ವಿಕಿರಣ ಮದ್ದು ಚುಚ್ಚಿ, ಒಂದು ಗಂಟೆ ಮಾತಾಡದೆ, ನಡೆಯದೆ ಮಲಗಬೇಕು. ಸ್ನಾಯು ಆಡಿಸಿದರೆ ಮದ್ದು ಅಲ್ಲಿಗೇ ಹೋಗುತ್ತದೆ. 19,500 ರೂಪಾಯಿ. ಆ ಮದ್ದು ಕೆಲವೇ ಗಂಟೆಗಳಲ್ಲಿ ಸತ್ವ ಕಳೆದುಕೊಳ್ಳುತ್ತದೆ, ನಾಳೆ ಬರುತ್ತೇನೆ ಎಂದರೆ ಆ ಹಣ ಹೋದಂತೆ. ನಾನು ಹಿಂದಿನ ವಾರದಿಂದಲೇ ಫಿಸಿಯೊ ಹೇಳಿಕೊಟ್ಟಂತೆ ಗೋಡೆಯ ಮೇಲೆ ಬೆರಳು ಹತ್ತಿಸುವ ಅಭ್ಯಾಸ ಮಾಡಿದೆ. ಅಲ್ಲಿ ನರ್ಸ್ ಒಬ್ಬಳು ಮೊಣಕೈ ಕೆಳಗೆ ಮಡಚಿದ ಹೊದಿಕೆ ತುರುಕಿ, ಪಟ್ಟಿ ಕಟ್ಟಿ ತೋಳಿನ ಭಾರ ಇಳಿಸಿದಳು. ಭಾರ ನಾನು ಹೊರಬೇಕಿಲ್ಲ ಎಂದಾದಾಗ ನೋವು ಅರ್ಧವಾಯಿತು. ಆ ಹುಡುಗಿಯನ್ನು ನಾನು ಮರೆಯುವುದಿಲ್ಲ. ನಿಮ್ಮ ಅಮ್ಮನಿಗೂ ಎಲ್ಲೆಲ್ಲಿ ಟೊಳ್ಳಿದೆಯೋ ಅಲ್ಲೆಲ್ಲ ಬಟ್ಟೆ ತುಂಬಲು ಹೇಳಿ.

ಲೆಕ್ಕ ಪುಸ್ತಕ

ಯಾರೂ ವಿಮೆಯ ಮಾತು ಎತ್ತುತ್ತಿಲ್ಲ. ಬರೀ ಸ್ಕ್ಯಾನಿಗೆಂದು ಆಸ್ಪತ್ರೆ ಸೇರಿದರೆ ಸಾಮಾನ್ಯ ಪಾಲಿಸಿಗಳು ಕೊಡುವುದಿಲ್ಲ. ಆದರೆ ಅದೇ ಕಾಯಿಲೆಗೆ ಆಮೇಲೆ ದಾಖಲಾದರೆ, ದಾಖಲಾಗುವ ಮೊದಲಿನ 30 ಅಥವಾ 60 ದಿನಗಳ ಖರ್ಚಿನಲ್ಲಿ ಸ್ಕ್ಯಾನ್ ಸೇರುತ್ತದೆ. ಬಿಲ್, ವೈದ್ಯರ ಚೀಟಿ, ವರದಿ ಮೂರೂ ಇರಬೇಕು. ಜಯನಗರದವರು 18,690ರಲ್ಲಿ ಎಷ್ಟು ಪಡೆದರು?

ಜಯನಗರ ನಿವಾಸಿ

ಒಂದು ಪೈಸೆಯೂ ಇಲ್ಲ. ಶಸ್ತ್ರಚಿಕಿತ್ಸೆ ಮುಂದೆ ಹೋಯಿತು, ಅವಧಿ ಮೀರಿತು.

ಮೈಸೂರಿನವ

ಮತ್ತೆ ಮೊದಲ ನೋಟಕ್ಕೇ ನಿರ್ಧಾರ ಎಂದಿರಲ್ಲ?

ಜಯನಗರ ನಿವಾಸಿ

ನಿರ್ಧಾರ ಅವರದು, ದಿನ ಗೊತ್ತುಮಾಡುವುದು ನಮ್ಮ ಮನೆಯ ಪರಿಸ್ಥಿತಿ. ಅದನ್ನು ನಿಮಗೆ ವಿವರಿಸುವ ಅಗತ್ಯ ನನಗಿಲ್ಲ.

ಲೆಕ್ಕ ಪುಸ್ತಕ

ಜಗಳ ಬಿಡಿ. ವಿಮೆಯೇ ಇಲ್ಲದ 60 ದಾಟಿದ ತಂದೆತಾಯಿಗೆ ಮಾಡಿದ ವೈದ್ಯಕೀಯ ಖರ್ಚಿಗೆ, ತೆರಿಗೆಯ ಹಳೆಯ ಪದ್ಧತಿಯಲ್ಲಿ ವರ್ಷಕ್ಕೆ 50,000ದವರೆಗೆ ವಿನಾಯಿತಿ ಇದೆ. ನಗದು ಕೊಟ್ಟರೆ ಸಿಗುವುದಿಲ್ಲ. ಕೌಂಟರಿನಲ್ಲಿ ನಗದು ಕೊಟ್ಟರೆ 300 ಬಿಡುತ್ತೇವೆ ಎನ್ನುತ್ತಾರೆ, ಒಪ್ಪಬೇಡಿ.

ಹಾಸನದಿಂದ

ಹಣದ ಮಾತು ಸಾಕು. ಕೇಳಿದ ತಂಗಿ, ಒಂದು ವಿಷಯ ನೋಡಿಕೊಳ್ಳಿ. ನಮ್ಮ ಯಜಮಾನರಿಗೂ ಹೀಗೆಯೇ ದಿನ ಗೊತ್ತಾಗಿತ್ತು. ನಡುವೆ ಮೂತ್ರ ಕಟ್ಟಿತು, ಕೂರುವ ಜಾಗ ಮರಗಟ್ಟಿತು. ಸ್ಕ್ಯಾನಿನ ದಿನ ಬರಲಿ ಎಂದು ಎಲ್ಲರೂ ಹೇಳಿದರು. ನಾನು ಕೇಳಲಿಲ್ಲ, ರಾತ್ರಿಯೇ ಆಂಬುಲೆನ್ಸ್‌ನಲ್ಲಿ ತುರ್ತು ವಿಭಾಗಕ್ಕೆ ಕರೆದೊಯ್ದೆ. ನೋವಿಗೆ ರಕ್ತನಾಳದ ಮೂಲಕ ಮದ್ದು ಕೊಟ್ಟು ಅರ್ಧ ರಾತ್ರಿಯಲ್ಲಿ ಸ್ಕ್ಯಾನ್ ಮಾಡಿ, ಬೆಳಗಾಗುವುದರೊಳಗೆ ಶಸ್ತ್ರಚಿಕಿತ್ಸೆಗೆ ಒಯ್ದರು. ಇಂದು ನಡೆಯುತ್ತಾರೆ. ಅಮ್ಮನಿಗೆ ಮೂತ್ರ ಹೋಗುವುದರಲ್ಲಿ, ತೊಡೆಯ ಸಂದಿಯ ಸ್ಪರ್ಶದಲ್ಲಿ, ಪಾದದ ಬಲದಲ್ಲಿ ವ್ಯತ್ಯಾಸ ಕಂಡರೆ ಗುರುವಾರದವರೆಗೆ ಕಾಯಬೇಡಿ.

ದಾವಣಗೆರೆಯ ಮಗಳು

ಎಲ್ಲರಿಗೂ ನಮಸ್ಕಾರ. ಅಮ್ಮನನ್ನು ಕೇಳಿದೆ, ಮೂತ್ರದ ತೊಂದರೆ ಇಲ್ಲ, ಮರಗಟ್ಟಿಲ್ಲ. ಕೇಂದ್ರಕ್ಕೆ ಫೋನ್ ಮಾಡಿದೆ. ಅಲ್ಲಿನದು 60 ಸೆಂಟಿಮೀಟರಿನದಂತೆ, 70ರದ್ದು ಹುಬ್ಬಳ್ಳಿ ರಸ್ತೆಯ ಇನ್ನೊಂದು ಕಡೆ ಇದೆ, 1,200 ಹೆಚ್ಚು. ಅಲ್ಲಿಗೆ ಬದಲಿಸಿದ್ದೇನೆ. ನೋವಿನ ಮದ್ದನ್ನು ಅಲ್ಲಿಯೇ ಕೊಡಲು ಮೂಳೆ ವೈದ್ಯರು ಚೀಟಿ ಬರೆದುಕೊಡುತ್ತೇನೆ ಎಂದಿದ್ದಾರೆ, ರಕ್ತದೊತ್ತಡ ನೋಡಿ ಯಾವುದೆಂದು ನಿರ್ಧರಿಸುತ್ತಾರಂತೆ.

ಸಾಗರದ ತೋಟಿಗ

ಫಿಲ್ಮ್‌ಗೆ ಬೇರೆ ಹಣವೇ ಎಂದು ಈಗಲೇ ಕೇಳಿಡಿ.